700 ಆಟಿಕೆ ಕಾರುಗಳಿಗೆ ಮನೆ ವಿಮೆ ಸಾಕಾ?

ಓದುಗರ ಪ್ರಶ್ನೆ: "ಸುಮಾರು 18 ವರ್ಷದಿಂದ ಆಟಿಕೆ ಕೂಡಿಡುತ್ತಾ ಬಂದಿದ್ದೇನೆ. ಹೆಚ್ಚಿನವು 1:64 ಅಳತೆಯ (ನಿಜವಾದ ಕಾರಿನ 64ರಲ್ಲೊಂದು ಭಾಗದ) ಡೈಕ್ಯಾಸ್ಟ್, ಅಂದರೆ ಲೋಹ ಎರಕ ಹೊಯ್ದು ಮಾಡಿದ ಕಾರುಗಳು, 700ರ ಆಸುಪಾಸು ಇರಬಹುದು. ಅರ್ಧಕ್ಕರ್ಧ ಪ್ಯಾಕ್ ಬಿಚ್ಚದವು. ಅಜ್ಜ ಕೊಟ್ಟ, ಕೀ ಕೊಟ್ಟು ಓಡಿಸುವ ತಗಡಿನ ಆಟಿಕೆಗಳೂ ಆರು ಇವೆ. ನಾವಿರುವುದು ಬಾಡಿಗೆ ಮನೆ. ಮನೆ ಸಾಮಾನಿಗೆ ವಿಮೆ ಮಾಡಿಸಿದ್ದೇನೆ. ಕಳೆದ ವಾರ ಮೇಲಿನ ಮನೆಯ ಪೈಪ್ ಒಡೆದು ಗೋಡೆಗುಂಟ ನೀರಿಳಿಯಿತು. 30 ಕಾರುಗಳ ಕಾರ್ಡ್ (ಪ್ಯಾಕಿನ ಹಿಂಬದಿಯ ರಟ್ಟು) ನೆನೆದು ಉಬ್ಬಿದೆ. ಒಳಗಿನ ಕಾರಿಗೆ ಏನೂ ಆಗಿಲ್ಲ. ಏಜೆಂಟ್ 'ಮನೆಯೊಳಗಿನ ಎಲ್ಲದಕ್ಕೂ ಕವರ್ ಇದೆ, ತಲೆ ಕೆಡಿಸಿಕೊಳ್ಳಬೇಡಿ' ಅನ್ನುತ್ತಾರೆ. ನನ್ನ ಹಾಗೇ ಸಂಗ್ರಹ ಮಾಡುವ ಗೆಳೆಯ 'ಆಟಿಕೆಗೆಲ್ಲ ಯಾರೂ ವಿಮೆ ಕೊಡಲ್ಲ, ಸುಮ್ನೆ ದುಡ್ಡು ದಂಡ' ಅನ್ನುತ್ತಾನೆ. ಹೆಚ್ಚಿನವಕ್ಕೆ ಬಿಲ್ಲಿಲ್ಲ. ಎರಡೆರಡು ಇರುವ ಕಾರುಗಳನ್ನು ಆಗಾಗ ಮಾರುತ್ತೇನೆ. ಬೇರೆ ಪಾಲಿಸಿ ಬೇಕಾ? ಮೇಲಿನ ಮನೆಯವರು ಸ್ವಲ್ಪ ಹಣ ಕೊಡುತ್ತೇವೆ ಅನ್ನುತ್ತಿದ್ದಾರೆ, ತಗೊಳ್ಳಲಾ?"

ಉತ್ತರ:

ಮೊದಲು ಕೊನೆಯ ಪ್ರಶ್ನೆ. ಅದು ಕಾಯುವಂಥದ್ದಲ್ಲ.

ಮೇಲಿನ ಮನೆಯವರು ಒಳ್ಳೆ ಮನಸ್ಸಿನಿಂದಲೇ ಹಣ ಕೊಡುತ್ತಿರಬಹುದು. ಆದರೂ ಈಗಲೇ ತಗೊಳ್ಳಬೇಡಿ. "ಇಲ್ಲಿಗೆ ಲೆಕ್ಕ ಚುಕ್ತಾ" ಅನ್ನುವ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ವಿಮಾ ಕಂಪನಿ ನಿಮ್ಮ ನಷ್ಟ ತುಂಬಿಕೊಟ್ಟ ಮೇಲೆ, ಆ ನಷ್ಟಕ್ಕೆ ಕಾರಣರಾದವರಿಂದ ವಸೂಲಿ ಮಾಡುವ ಹಕ್ಕು ಕಂಪನಿಗೆ ಸೇರುತ್ತದೆ. ನೀವು ಮೊದಲೇ ಚುಕ್ತಾ ಮಾಡಿಕೊಂಡರೆ ಆ ಹಕ್ಕು ಇಲ್ಲವಾಗುತ್ತದೆ. ಕ್ಲೇಮು ತಿರಸ್ಕರಿಸಲು ಕಂಪನಿಗೆ ಅಷ್ಟೇ ಸಾಕಾಗಬಹುದು. ಚೂರುಪಾರು ಹಣಕ್ಕೆ ಸಹಿ ಹಾಕಿ ದೊಡ್ಡ ಮೊತ್ತ ಕಳಕೊಂಡವರನ್ನು ನೋಡಿದ್ದೇನೆ. ಮೊದಲು ಕಂಪನಿಗೆ ಬರಹದಲ್ಲಿ ತಿಳಿಸಿ. ಆಮೇಲೆ ಮೇಲಿನವರ ಜೊತೆ ಮಾತಾಡಿ. ಅವರು ಎಷ್ಟೇ ಕೊಟ್ಟರೂ ಅದನ್ನು ಕ್ಲೇಮಿನಲ್ಲಿ ಕಳೆಯುತ್ತಾರೆ ಅನ್ನೋದೂ ಗೊತ್ತಿರಲಿ. ಒಂದೇ ನಷ್ಟಕ್ಕೆ ಎರಡು ಕಡೆ ಹಣ ಸಿಗುವುದಿಲ್ಲ.

ಉಬ್ಬಿದ ಕಾರ್ಡುಗಳನ್ನು ಎಸೆಯಬೇಡಿ. ಕಾರನ್ನು ಹೊರಗೆ ತೆಗೆಯಬೇಡಿ. ಹೇರ್ ಡ್ರೈಯರ್ ಹಿಡಿದು ಒಣಗಿಸಲು ಹೋಗಬೇಡಿ. ಬಿಸಿಗೆ ಕಾರ್ಡ್ ಸುರುಳಿ ಸುತ್ತುತ್ತದೆ, ಅಂಟು ಬಿಟ್ಟು, ಕಾರನ್ನು ಮುಚ್ಚಿದ ಪ್ಲಾಸ್ಟಿಕ್ ಗುಳ್ಳೆ ಕಳಚಿ ಬರುತ್ತದೆ. ಕ್ಲೇಮಿನ ಮುಖ್ಯ ಸಾಕ್ಷಿಯನ್ನು ನೀವೇ ಹಾಳು ಮಾಡಿದ ಹಾಗಾಗುತ್ತದೆ. ಗಾಳಿಯಾಡುವ ನೆರಳಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ. ನೆನೆಯದೆ ಉಳಿದ ಸಂಗ್ರಹವನ್ನು ಬೇರೆ ಕೋಣೆಗೆ ಸಾಗಿಸಿ. ನೆನೆದ ರಟ್ಟಿಗೆ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯುತ್ತದೆ. ಪಕ್ಕದ್ದಕ್ಕೆ ಹರಡಿದರೆ, "ನಷ್ಟ ಹೆಚ್ಚದ ಹಾಗೆ ನೋಡಿಕೊಳ್ಳಲಿಲ್ಲ ಯಾಕೆ?" ಅಂತ, ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ಕೇಳಿಯೇ ಕೇಳುತ್ತಾರೆ. ಗೋಡೆಯ ನೀರಿನ ಕಲೆ, ಶೆಲ್ಫಿನ ಸ್ಥಿತಿ, ಪ್ರತಿ ಕಾರಿನ ಮುಂದೆ ಹಿಂದೆ, ಎಲ್ಲದರ ಫೋಟೋ ಇರಲಿ. ಮೇಲಿನವರು ಪೈಪ್ ರಿಪೇರಿ ಮಾಡಿಸಿದ ಬಿಲ್ಲಿನ ಒಂದು ಪ್ರತಿ ಸಿಕ್ಕರೆ ಇನ್ನೂ ಒಳ್ಳೆಯದು. ನೀರು ಎಲ್ಲಿಂದ ಬಂತು ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಬೇಡ.

ಇನ್ನು ಏಜೆಂಟ್ ಮತ್ತು ಗೆಳೆಯನ ವಿಷಯ. ಇಬ್ಬರೂ ಅರ್ಧ ಸರಿ. ಆ ಉಳಿದರ್ಧದಲ್ಲೇ ನಿಮ್ಮ ಹಣ ಹೋಗುವುದು.

"ಎಲ್ಲದಕ್ಕೂ ಕವರ್ ಇದೆ" ಅನ್ನುವುದರಲ್ಲಿ ಒಂದಷ್ಟು ನಿಜ ಇದೆ. ಮನೆ ಸಾಮಾನು ಅಂದರೆ ಮಂಚ, ಟೀವಿ, ಬಟ್ಟೆ, ಪಾತ್ರೆ ಎಲ್ಲ ಬಂತು. ಕವರ್‌ನಿಂದ ಹೊರಗಿಟ್ಟಿದ್ದೇವೆ ಅಂತ ಪಾಲಿಸಿಯಲ್ಲಿ ಬರೆಯದಿದ್ದರೆ ಆಟಿಕೆಯೂ ಅದರಲ್ಲೇ ಬರುತ್ತದೆ. ಆದರೆ ಪಾಲಿಸಿಯ ಪುಸ್ತಿಕೆ ತೆಗೆದು ಮೂರು ಜಾಗ ನೋಡಿ. ಒಂದು, ಬಿಡಿ ವಸ್ತುವಿನ ಮಿತಿ. ಪಟ್ಟಿಯಲ್ಲಿ ಹೆಸರಿಸದ ಯಾವುದೇ ಒಂದು ವಸ್ತುವಿಗೆ ಇಷ್ಟಕ್ಕಿಂತ ಜಾಸ್ತಿ ಕೊಡುವುದಿಲ್ಲ ಅಂತ ಇರುತ್ತದೆ. ಕೆಲವು ಕಂಪನಿಗಳು ಇಡೀ ಸಂಗ್ರಹವನ್ನೇ "ಒಂದು ವಸ್ತು" ಅಂತ ಲೆಕ್ಕ ಹಾಕುತ್ತವೆ. ಹಾಗಿದ್ದರೆ 700 ಕಾರಿಗೂ ಸೇರಿ ಒಂದೇ ಮಿತಿ. ಎರಡು, ಹೊರಗಿಟ್ಟ ವಸ್ತುಗಳ ಪಟ್ಟಿ. ಸ್ಟಾಂಪು, ನಾಣ್ಯ, ಕಲಾಕೃತಿ, ಪುರಾತನ ವಸ್ತು ಇವುಗಳನ್ನು ಹೆಚ್ಚಾಗಿ ಇಲ್ಲಿ ಹಾಕಿರುತ್ತಾರೆ. ನಿಮ್ಮ ಅಜ್ಜನ ತಗಡಿನ ಆಟಿಕೆ "ಪುರಾತನ"ವೋ ಬರೀ ಹಳೆಯದೋ ಅನ್ನುವ ಜಗಳ ನಷ್ಟವಾದ ಮೇಲೆ ಶುರುವಾಗುವುದು ಬೇಡ. ಮೂರು, ಯಾವ ಯಾವ ಅಪಾಯಕ್ಕೆ ಕವರ್ ಅನ್ನುವುದು. ಬೆಂಕಿ, ಕಳ್ಳತನ, ಪೈಪ್ ಒಡೆಯುವುದು ಅಂತ ಹೆಸರಿಸಿದ ಅಪಾಯಗಳಿಗೆ ಮಾತ್ರ ಅಂತಿದ್ದರೆ, ಶೆಲ್ಫ್ ಕುಸಿದು ಎಲ್ಲ ನೆಲಕ್ಕೆ ಬಿದ್ದರೆ ಏನೂ ಸಿಗುವುದಿಲ್ಲ. ಆಕಸ್ಮಿಕ ಹಾನಿಗೂ ಕವರ್ ಇದೆ ಅಂತಿದ್ದರೆ ಸಿಗಬಹುದು.

ಕಳ್ಳತನದ್ದೂ ಒಂದು ತಕರಾರಿದೆ. ಬಾಗಿಲು ಕಿಟಕಿ ಒಡೆದ ಗುರುತು ಇರಲೇಬೇಕು ಅನ್ನುವ ಷರತ್ತು ಬಹಳ ಪಾಲಿಸಿಗಳಲ್ಲಿ ಇದೆ. ಸಂಗ್ರಹ ನೋಡಲು ಬಂದವರಲ್ಲಿ ಯಾರೋ ಒಂದು ಕಾರನ್ನು ಜೇಬಿಗಿಳಿಸಿದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. "ಎಲ್ಲಿ ಹೋಯ್ತೋ ಗೊತ್ತಿಲ್ಲ" ಅನ್ನುವ ನಷ್ಟಕ್ಕಂತೂ ಯಾರೂ ಕೊಡುವುದಿಲ್ಲ. ಚಿಕ್ಕ ವಸ್ತು ಕೂಡಿಡುವವರಿಗೆ ಬೆಂಕಿಗಿಂತ ಇಂಥ ನಷ್ಟವೇ ಹತ್ತಿರದ್ದು.

ಗೆಳೆಯನ ಮಾತಿಗೆ ಬಂದರೆ, ಆಟಿಕೆಗೆ ವಿಮೆಯೇ ಇಲ್ಲ ಅನ್ನುವುದು ತಪ್ಪು. ಬೊಂಬೆ, ರೈಲು, ಡೈಕ್ಯಾಸ್ಟ್ ಕಾರು, ಟೆಡ್ಡಿ ಕರಡಿ ಇಂಥವಕ್ಕೇ ಪ್ರತ್ಯೇಕ ಪಾಲಿಸಿ ಕೊಡುವ ಕಂಪನಿಗಳಿವೆ. ಎಲ್ಲ ಕಡೆ ಸಿಗುವುದಿಲ್ಲ ಅಷ್ಟೆ. ಸಿಗದ ಕಡೆ ಇರುವ ಮನೆ ಪಾಲಿಸಿಗೇ ವಸ್ತುಗಳ ಪಟ್ಟಿ ಸೇರಿಸಿ ಎಂಡೋರ್ಸ್‌ಮೆಂಟ್ ಮಾಡಿಸಬಹುದು. ಗೆಳೆಯ ಬಹುಶಃ ಹೇಳಲು ಹೊರಟಿದ್ದು ಬೇರೆ: ಆಟಿಕೆಯ ಕ್ಲೇಮಿನಲ್ಲಿ ಕೈಗೆ ಸಿಗುವ ಹಣ ತುಂಬಾ ಕಡಿಮೆ ಅಂತ. ಅದು ನಿಜ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಇರುವುದೇ ಇಲ್ಲಿ.

ನಷ್ಟ ಅಳೆಯಲು ಬರುವವರ ಕೈಯಲ್ಲಿ ಸವಕಳಿಯ ಲೆಕ್ಕ ಇರುತ್ತದೆ. ಸೋಫಾಗೆ ವರ್ಷಕ್ಕೆ ಇಷ್ಟು, ಫ್ರಿಜ್ಜಿಗೆ ವರ್ಷಕ್ಕೆ ಇಷ್ಟು ಅಂತ ಕಳೆಯುತ್ತಾ ಹೋಗುತ್ತಾರೆ. ವಸ್ತು ಹಳೆಯದಾದಷ್ಟೂ ಬೆಲೆ ಇಳಿಯುತ್ತದೆ ಅನ್ನುವುದು ಈ ಲೆಕ್ಕದ ಬುಡ. ಸಂಗ್ರಹದ ವಸ್ತುವಿನಲ್ಲಿ ಇದು ತಲೆಕೆಳಗು. 18 ವರ್ಷದ ಹಿಂದೆ ನೀವು ಕೊಂಡ ಕಾರಿನ ಬೆಲೆ ಇವತ್ತು ಹತ್ತು ಪಟ್ಟಾಗಿರಬಹುದು. ಆದರೆ ಪಾಲಿಸಿಯಲ್ಲಿ ಅದು ಬರೀ "ಮನೆ ಸಾಮಾನು" ಆಗಿದ್ದರೆ ಸವಕಳಿ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆಗೆ ಹತ್ತಿರ. ಸರ್ವೇಯರ್ ಕೆಟ್ಟವರಲ್ಲ. ಅವರ ಮುಂದಿರುವ ಕಾಗದದಲ್ಲಿ ಬೇರೇನೂ ಬರೆದಿಲ್ಲ, ಅದಕ್ಕೆ.

ಬೆಲೆ ಕಟ್ಟುವ ರೀತಿ ಮೂರು. ಹಳೆಯದಕ್ಕೆ ಹೊಸದು ಅನ್ನುವ ರೀತಿಯಲ್ಲಿ, ಅಂಥದ್ದೇ ಹೊಸ ವಸ್ತು ಕೊಳ್ಳುವ ಬೆಲೆ ಕೊಡುತ್ತಾರೆ. ಕೇಳಲು ಚೆನ್ನ. ಆದರೆ ತಯಾರಿಕೆ ನಿಂತುಹೋದ ಆಟಿಕೆಗೆ ಅಂಥದ್ದೇ ಹೊಸದು ಎಲ್ಲಿಂದ ತರುತ್ತೀರಿ? ಇವತ್ತು ಅಂಗಡಿಯಲ್ಲಿ ಸಿಗುವ ಒಂದು ಆಟಿಕೆ ಕಾರಿನ ಬೆಲೆ ಕೊಟ್ಟು ಕೈತೊಳೆದುಕೊಂಡರೂ ಆಶ್ಚರ್ಯ ಇಲ್ಲ. ಎರಡನೆಯದು ಮಾರುಕಟ್ಟೆ ಬೆಲೆ. ನಷ್ಟವಾದ ದಿನ ಅದೇ ಸ್ಥಿತಿಯ ವಸ್ತು ಎಷ್ಟಕ್ಕೆ ಮಾರಾಟವಾಗುತ್ತಿತ್ತೋ ಅಷ್ಟು. ಇದು ನ್ಯಾಯವಾದದ್ದೇ, ಆದರೆ ಸಾಬೀತು ಮಾಡುವ ಹೊರೆ ನಿಮ್ಮದು. ಮೂರನೆಯದು ಒಪ್ಪಿತ ಬೆಲೆ. ಪಾಲಿಸಿ ಮಾಡಿಸುವಾಗಲೇ "ಈ ವಸ್ತುವಿಗೆ ಇಷ್ಟು" ಅಂತ ಇಬ್ಬರೂ ಒಪ್ಪಿ ಬರೆದುಕೊಳ್ಳುವುದು. ವಸ್ತು ಪೂರ್ತಿ ಹೋದರೆ ಚರ್ಚೆಯಿಲ್ಲದೆ ಅಷ್ಟು ಸಿಗುತ್ತದೆ. ಪ್ರೀಮಿಯಂ ಸ್ವಲ್ಪ ಜಾಸ್ತಿ, ತಜ್ಞರಿಂದ ಬೆಲೆ ಕಟ್ಟಿಸಿದ ಪತ್ರ ಕೇಳುತ್ತಾರೆ, ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿಸಬೇಕು.

ಮಾರುಕಟ್ಟೆ ಬೆಲೆ ಅಂದಾಗ ಒಂದು ಮಾತು. ಜನ ನನ್ನ ಮುಂದೆ ಫೋನ್ ಹಿಡಿದು "ನೋಡಿ, ಇದೇ ಕಾರಿಗೆ ಇಷ್ಟು ಬೆಲೆ ಹಾಕಿದ್ದಾರೆ" ಅಂತ ತೋರಿಸುತ್ತಾರೆ. ಅದು ಮಾರುವವರು ಕೇಳುವ ಬೆಲೆ, ಮಾರಾಟವಾದ ಬೆಲೆ ಅಲ್ಲ. ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. ಕಂಪನಿ ಒಪ್ಪುವುದು ವ್ಯವಹಾರ ಮುಗಿದ ಬೆಲೆಯನ್ನು. ಹರಾಜುಗಳ ಫಲಿತಾಂಶ, ಮಾರಾಟ ಮುಗಿದ ಪಟ್ಟಿಗಳು, ಇವುಗಳ ಸ್ಕ್ರೀನ್‌ಶಾಟ್ ದಿನಾಂಕದ ಸಮೇತ ಇಟ್ಟುಕೊಳ್ಳಿ. ಬೆಲೆ ಏರುತ್ತಲೇ ಇರುತ್ತದೆ ಅನ್ನುವ ನಂಬಿಕೆಯೂ ಬೇಡ. 1990ರ ದಶಕದ ಕೊನೆಯಲ್ಲಿ ಬೀನಿ ಬೇಬೀಸ್ ಅನ್ನುವ ಪುಟ್ಟ ಬಟ್ಟೆ ಬೊಂಬೆಗಳಿಗೆ ಜನ ಮುಗಿಬಿದ್ದು ಹಣ ಸುರಿದರು. ಆಮೇಲೆ ಅವುಗಳ ಬೆಲೆ ನೆಲ ಕಚ್ಚಿತು. ಮಾರುಕಟ್ಟೆ ಬೆಲೆಯ ಪಾಲಿಸಿ ಇಟ್ಟುಕೊಂಡು ಏರಿದ ದಿನದ ಮೊತ್ತಕ್ಕೇ ಪ್ರೀಮಿಯಂ ಕಟ್ಟುತ್ತಿದ್ದರೆ, ನಷ್ಟವಾದಾಗ ಸಿಗುವುದು ಇಳಿದ ಬೆಲೆಯೇ.

ಇದರ ಉಲ್ಟಾ ಕೂಡ ಅಷ್ಟೇ ಅಪಾಯ. ವಿಮಾ ಮೊತ್ತ ಕಮ್ಮಿ ಹಾಕಿದರೆ ಪ್ರೀಮಿಯಂ ಉಳಿಯುತ್ತದೆ, ಇಡೀ ಮನೆಯಂತೂ ಹೋಗಲ್ಲವಲ್ಲ ಅಂತ ಲೆಕ್ಕ ಹಾಕುವವರು ಇದ್ದಾರೆ. ನಿಮ್ಮ ಮನೆ ಸಾಮಾನಿನ ನಿಜವಾದ ಒಟ್ಟು ಬೆಲೆ 100 ಅಂದುಕೊಳ್ಳಿ. ಆಟಿಕೆಯನ್ನು ಲೆಕ್ಕಕ್ಕೇ ಹಿಡಿಯದೆ 40ಕ್ಕೆ ಮಾತ್ರ ವಿಮೆ ಮಾಡಿಸಿದ್ದೀರಿ. ನೀರಿಳಿದು 30ರಷ್ಟು ನಷ್ಟವಾಯಿತು. 40ರ ಒಳಗೇ ಇದೆಯಲ್ಲ, ಪೂರ್ತಿ ಸಿಗುತ್ತದೆ ಅಂತ ನೀವು ಅಂದುಕೊಳ್ಳುತ್ತೀರಿ. ಕೆಳವಿಮೆಯ ಷರತ್ತು, ಅಂದರೆ ನಿಜ ಬೆಲೆಗಿಂತ ಕಮ್ಮಿ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಅದೇ ಪ್ರಮಾಣದಲ್ಲಿ ಕಡಿತ ಮಾಡುವ ಷರತ್ತು ಇದ್ದರೆ ಸಿಗುವುದು 30ರ ನೂರಕ್ಕೆ 40 ಭಾಗ, ಅಂದರೆ 12. ಉಳಿದ 18 ನಿಮ್ಮ ಪಾಲಿನದು. ಈ ಷರತ್ತು ಎಲ್ಲ ಮನೆ ಪಾಲಿಸಿಯಲ್ಲೂ ಇರುವುದಿಲ್ಲ. ನಿಮ್ಮದರಲ್ಲಿ ಇದೆಯಾ ಅಂತ ಇವತ್ತೇ ನೋಡಿ. ಇಲ್ಲಿ ಇನ್ನೊಂದು ಸಿಕ್ಕು ಇದೆ. ಈ ಕ್ಲೇಮಿನಲ್ಲಿ ನೀವು ಕಾರುಗಳ ಬೆಲೆ ಚೆನ್ನಾಗಿ ಸಾಬೀತು ಮಾಡಿದಷ್ಟೂ ನಿಮ್ಮ ವಿಮಾ ಮೊತ್ತ ಕಮ್ಮಿ ಇತ್ತು ಅನ್ನುವುದೂ ಸಾಬೀತಾಗುತ್ತದೆ. ಹಾಗಂತ ಬೆಲೆ ಮುಚ್ಚಿಡಲು ಹೋಗಬೇಡಿ. ಸುಳ್ಳು ಸಿಕ್ಕಿಬಿದ್ದರೆ 12 ಕೂಡ ಬರುವುದಿಲ್ಲ.

ಈಗ ಕಾರ್ಡಿನ ವಿಷಯ. ಆಟಿಕೆ ಸಂಗ್ರಹದ ಕ್ಲೇಮುಗಳಲ್ಲಿ ಮಾತು ಬಿಸಿಯೇರುವುದು ಇಲ್ಲೇ. ಕಂಪನಿಯ ಕಣ್ಣಲ್ಲಿ ಕಾರ್ಡ್ ಅಂದರೆ ಪ್ಯಾಕಿಂಗ್. ಒಳಗಿನ ವಸ್ತು ಸರಿಯಿದೆ, ನಷ್ಟ ಎಲ್ಲಿ? ಸಂಗ್ರಾಹಕರಿಗೆ ಕಾರ್ಡ್ ಇಲ್ಲದ ಕಾರು ಬೇರೆಯದೇ ವಸ್ತು. ಕಾರ್ಡಿನ ಮೂಲೆ ಮಡಚಿದರೂ ಬೆಲೆ ಇಳಿಯುತ್ತದೆ. ಪಾಲಿಸಿಯಲ್ಲಿ ಪಟ್ಟಿ ಮಾಡುವಾಗ "ಪ್ಯಾಕ್ ಬಿಚ್ಚದ, ಕಾರ್ಡ್ ಸಮೇತ" ಅಂತ ಬರೆಸಿದ್ದರೆ ಕಾರ್ಡೂ ವಸ್ತುವಿನ ಭಾಗವೇ. ಆಗ "ಹಾನಿಯಿಂದ ಇಳಿದ ಬೆಲೆ"ಯನ್ನು ಕೇಳಬಹುದು. ಬರೆಸದಿದ್ದರೆ ವಾದ ಮಾಡಬೇಕು. ನಿಮ್ಮ 30 ಕಾರಿಗೆ ಹೀಗೆ ಮಾಡಿ: ಅದೇ ಕಾರು ಕಾರ್ಡ್ ಸಮೇತ ಎಷ್ಟಕ್ಕೆ ಮಾರಾಟವಾಗಿದೆ, ಕಾರ್ಡ್ ಇಲ್ಲದೆ ಎಷ್ಟಕ್ಕೆ ಮಾರಾಟವಾಗಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ನಷ್ಟ. ಹೊಸದಾಗಿ ಕಿರಾಣಿ ಸಾಮಾನಿನಂತೆ ಸಿಗುವ ಕಾರುಗಳಿಗೆ ಈ ವ್ಯತ್ಯಾಸ ಏನೂ ಇರುವುದಿಲ್ಲ. ಅವನ್ನು ಪಟ್ಟಿಯಿಂದ ಬಿಟ್ಟುಬಿಡಿ. ಮೂವತ್ತಕ್ಕೂ ಕೇಳಿ ನಂಬಿಕೆ ಕಳಕೊಳ್ಳುವುದಕ್ಕಿಂತ ಎಂಟು ಹತ್ತಕ್ಕೆ ಗಟ್ಟಿಯಾಗಿ ಕೇಳುವುದು ಮೇಲು. ಬಹಳ ಪಾಲಿಸಿಗಳಲ್ಲಿ ಪ್ರತಿ ಕ್ಲೇಮಿನ ಮೊದಲ ಒಂದಿಷ್ಟು ಮೊತ್ತ ನಿಮ್ಮ ಕೈಯಿಂದಲೇ ಹೋಗುತ್ತದೆ. ನಷ್ಟ ಅದಕ್ಕಿಂತ ಕಮ್ಮಿಯಿದ್ದರೆ ಕ್ಲೇಮು ಹಾಕುವುದೇ ದಂಡ. ಆಗ ಮೇಲಿನವರು ಕೊಡುವ ಹಣವನ್ನೇ ಖುಷಿಯಿಂದ ತಗೊಳ್ಳಿ.

ಸೆಟ್‌ಗಳ ವಿಷಯವೂ ಹೀಗೇ. ಆರು ಕಾರಿನ ಸೆಟ್ಟಿನಲ್ಲಿ ಒಂದು ಹೋದರೆ ಸೆಟ್ಟಿನ ಬೆಲೆ ಪಾತಾಳಕ್ಕಿಳಿಯುತ್ತದೆ. ಆದರೆ ಕಳೆದುಹೋದ ಒಂದಕ್ಕೆ ಮಾತ್ರ ಕೊಡುತ್ತೇವೆ ಅನ್ನುವ ಷರತ್ತು ಸಾಮಾನ್ಯ. ಪ್ರತ್ಯೇಕ ಸಂಗ್ರಹ ಪಾಲಿಸಿಗಳಲ್ಲಿ ಇದು ಸ್ವಲ್ಪ ಉದಾರವಾಗಿರುತ್ತದೆ. ಪೂರ್ತಿ ಸೆಟ್ಟಿನ ಬೆಲೆ ಕೊಟ್ಟು ಉಳಿದವನ್ನು ಕಂಪನಿಯೇ ತಗೊಂಡು ಹೋಗುವುದೂ ಇದೆ. ಉಳಿದ ಐದನ್ನು ಕೊಡಲು ಮನಸ್ಸು ಒಪ್ಪುತ್ತದಾ ಅಂತ ಮೊದಲೇ ಯೋಚಿಸಿ. ಎಷ್ಟೋ ಜನರಿಗೆ ಒಪ್ಪುವುದಿಲ್ಲ.

ಬಿಲ್ಲಿಲ್ಲ ಅಂತ ಗಾಬರಿ ಬೇಡ. ಬಿಲ್ಲು ಇದ್ದರೆ ಒಳ್ಳೆಯದು, ಅದೊಂದೇ ದಾರಿ ಅಲ್ಲ. ನೀವು ಸಾಬೀತು ಮಾಡಬೇಕಾದ್ದು ಮೂರೇ: ವಸ್ತು ನಿಮ್ಮ ಹತ್ತಿರ ಇತ್ತು, ಅದು ನೀವು ಹೇಳುವ ವಸ್ತುವೇ, ಅದರ ಸ್ಥಿತಿ ಹೀಗಿತ್ತು. ಫೋಟೋ, ಹಣ ಕಳಿಸಿದ ಬ್ಯಾಂಕ್ ದಾಖಲೆ, ಮಾರಿದವರ ಜೊತೆ ನಡೆದ ಸಂದೇಶಗಳು, ಪಾರ್ಸೆಲ್ಲಿನ ರಸೀದಿ, ಇವೆಲ್ಲ ನಡೆಯುತ್ತವೆ. ಅಜ್ಜನ ಆಟಿಕೆಗೆ ಹಳೆಯ ಮನೆಯ ಫೋಟೋ ಒಂದರಲ್ಲಿ ಅದು ಕಪಾಟಿನಲ್ಲಿ ಕಾಣಿಸಿದರೂ ಸಾಕು. ಅದರ ಜೊತೆ, ಯಾರಿಂದ ಯಾರಿಗೆ ಯಾವಾಗ ಬಂತು ಅಂತ ಬರೆದು, ಬೆಲೆ ಕಟ್ಟಿಸಿದ ಪತ್ರ ಇಡಿ.

"ಅದು ನೀವು ಹೇಳುವ ವಸ್ತುವೇ" ಅನ್ನುವುದರಲ್ಲಿ ಡೈಕ್ಯಾಸ್ಟ್‌ನವರು ಹೆಚ್ಚಾಗಿ ಎಡವುತ್ತಾರೆ. ಹಾಟ್ ವೀಲ್ಸ್ ಕಾರೊಂದನ್ನು ತಿರುಗಿಸಿ ನೋಡಿ. ತಳದಲ್ಲಿ ಒಂದು ಇಸವಿ ಕೊರೆದಿರುತ್ತದೆ. ಅದು ಆ ವಿನ್ಯಾಸಕ್ಕೆ ಹಕ್ಕು ಪಡೆದ ವರ್ಷ, ಆ ಕಾರು ತಯಾರಾದ ವರ್ಷ ಅಲ್ಲ. ಅದೇ ಅಚ್ಚಿನಲ್ಲಿ ಹತ್ತಾರು ವರ್ಷ ಬೇರೆ ಬೇರೆ ಬಣ್ಣದಲ್ಲಿ ಕಾರು ಬರುತ್ತಲೇ ಇರುತ್ತವೆ. ತಳದಲ್ಲಿ 1969 ಅಂತ ಇದೆ ಎಂದು ಪಟ್ಟಿಯಲ್ಲಿ "1969ರ ಕಾರು" ಅಂತ ಬರೆದು, ಫೋಟೋದಲ್ಲಿ ಚಕ್ರಗಳು ಬರೀ ಕಪ್ಪು ಪ್ಲಾಸ್ಟಿಕ್ ಆಗಿದ್ದರೆ ತಿಳಿದವರು ಒಂದೇ ನೋಟಕ್ಕೆ ಹಿಡಿಯುತ್ತಾರೆ. 1968ರಲ್ಲಿ ಶುರುವಾದಾಗಿನಿಂದ 1977ರ ತನಕದ ಕಾರುಗಳ ಟೈರಿನ ಮೇಲೆ ಕೆಂಪು ಗೆರೆ ಇರುತ್ತಿತ್ತು. ಹಾಟ್ ವೀಲ್ಸ್ ಕಡಿಮೆ ಸಂಖ್ಯೆಯಲ್ಲಿ ಬಿಡುವ ಈಗಿನ ಸೂಪರ್ ಟ್ರೆಷರ್ ಹಂಟ್ ಕಾರಿಗೂ ಅದರ ಸಾದಾ ರೂಪಕ್ಕೂ ಇರುವ ಮುಖ್ಯ ವ್ಯತ್ಯಾಸ ಬಣ್ಣದ ಮೆರುಗು ಮತ್ತು ರಬ್ಬರ್ ಟೈರಿನಲ್ಲಿ. ಶೆಲ್ಫನ್ನು ದೂರದಿಂದ ಹೊಡೆದ ಫೋಟೋದಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಹಾಗಂತ 700ಕ್ಕೂ ಬಿಡಿಬಿಡಿ ಫೋಟೋ ತೆಗೆಯಿರಿ ಅಂತ ಹೇಳುತ್ತಿಲ್ಲ. ಯಾರೂ ಮಾಡುವುದಿಲ್ಲ, ಅರ್ಧಕ್ಕೆ ಕೈಬಿಡುತ್ತೀರಿ. ಬೆಲೆಬಾಳುವ 40-50 ಆರಿಸಿ. ಅವುಗಳಿಗೆ ಮುಂದೆ, ಹಿಂದೆ, ಪಕ್ಕದಿಂದ ಚಕ್ರ ಕಾಣುವ ಹಾಗೆ, ಕಾರ್ಡಿನ ನಾಲ್ಕೂ ಮೂಲೆ, ಪ್ಲಾಸ್ಟಿಕ್ ಗುಳ್ಳೆಯ ಅಂಚು, ಇಷ್ಟು ಫೋಟೋ. ಸೀಳು, ಕಲೆ, ಬೆಲೆ ಚೀಟಿಯ ಗುರುತು ಇದ್ದರೆ ಅದನ್ನೂ ತೋರಿಸಿ. ದೋಷ ಮುಚ್ಚಿಡದ ದಾಖಲೆಯನ್ನು ಕಂಪನಿ ಹೆಚ್ಚು ನಂಬುತ್ತದೆ. ಉಳಿದವಕ್ಕೆ ಒಂದೊಂದು ಸಾಲಿಗೆ ಒಂದು ಫೋಟೋ, ಮತ್ತೆ ಹೆಸರು ಓದುತ್ತಾ ನಿಧಾನವಾಗಿ ತೆಗೆದ ಒಂದು ವಿಡಿಯೋ ಸಾಕು. ಇದೆಲ್ಲ ಅದೇ ಮನೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದರೆ ಬೆಂಕಿಗೆ ಎರಡೂ ಒಟ್ಟಿಗೆ ಹೋಗುತ್ತವೆ. ಕ್ಲೌಡಿಗೂ ಹಾಕಿ, ನಂಬುಗೆಯವರೊಬ್ಬರಿಗೆ ಇಮೇಲ್ ಕೂಡ ಮಾಡಿ. ಇಮೇಲಿನ ದಿನಾಂಕವೂ ಒಂದು ಪುರಾವೆಯೇ.

ಇನ್ನು, ಯಾವ ಪಾಲಿಸಿಯೂ ತುಂಬಿಕೊಡದ ನಷ್ಟಗಳು. ನಿಜ ಹೇಳಬೇಕೆಂದರೆ ಆಟಿಕೆಗಳು ಬೆಂಕಿ ಕಳ್ಳತನಕ್ಕಿಂತ ಇವುಗಳಿಂದಲೇ ಜಾಸ್ತಿ ಹಾಳಾಗುವುದು. ಬಿಸಿಲಿಗೆ ಕಾರ್ಡಿನ ಕೆಂಪು ಬಣ್ಣ ಮಾಸುವುದು, ಬಿಳಿ ಪ್ಲಾಸ್ಟಿಕ್ ಹಳದಿಯಾಗುವುದು, ಗಾಳಿಯ ತೇವಕ್ಕೆ ತಗಡು ತುಕ್ಕು ಹಿಡಿಯುವುದು, ಸಿಲ್ವರ್‌ಫಿಶ್ ಹುಳು ರಟ್ಟು ತಿನ್ನುವುದು, ಒಳಗೇ ಬಿಟ್ಟ ಬ್ಯಾಟರಿ ಸೋರಿ ತಂತಿ ತಿನ್ನುವುದು. ನಿಧಾನವಾಗಿ ಆಗುವ ಹಾನಿ, ಹುಳು ಹುಪ್ಪಟೆ, ವಸ್ತುವಿನ ಹುಟ್ಟುಗುಣ ಇವೆಲ್ಲ ಹೊರಗಿಟ್ಟವು. ಹುಟ್ಟುಗುಣಕ್ಕೆ ಒಳ್ಳೆಯ ಉದಾಹರಣೆ ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿಂಕಿ ಕಾರುಗಳು. ಅವುಗಳ ಸತು ಮಿಶ್ರಲೋಹದಲ್ಲಿ ಸೀಸದಂಥ ಕಲಬೆರಕೆ ಇದ್ದುದರಿಂದ ಲೋಹ ಒಳಗಿಂದಲೇ ಬಿರುಕು ಬಿಟ್ಟು, ಉಬ್ಬಿ, ಪುಡಿಯಾಗುತ್ತದೆ. ಸಂಗ್ರಾಹಕರು ಇದನ್ನು ಝಿಂಕ್ ಪೆಸ್ಟ್ ಅನ್ನುತ್ತಾರೆ. ಯಾರೂ ಮುಟ್ಟದೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೂ ಆಗುತ್ತದೆ, ಯಾವ ಕಂಪನಿಯೂ ಕೊಡುವುದಿಲ್ಲ. ಹಾಗೇ ಕೆಲವು ಮಾದರಿಗಳ ಮೆತ್ತನೆ ಟೈರು ತಾನು ನಿಂತ ಪ್ಲಾಸ್ಟಿಕ್ ಪೀಠವನ್ನೇ ಕರಗಿಸಿ ಅಂಟಿಕೊಳ್ಳುತ್ತದೆ. ಇದಕ್ಕೆಲ್ಲ ಮದ್ದು ಪರದೆ, ತೇವ ಹೀರುವ ಸಿಲಿಕಾ ಪೊಟ್ಟಣ, ಬ್ಯಾಟರಿ ತೆಗೆದಿಡುವುದು, ವರ್ಷಕ್ಕೆರಡು ಸಲ ಎಲ್ಲವನ್ನೂ ಕೈಗೆತ್ತಿಕೊಂಡು ನೋಡುವುದು. ಪ್ರೀಮಿಯಂ ಕಟ್ಟುವ ಮೊದಲು ಈ ಖರ್ಚು ಮಾಡಿ. ನೀರಿಳಿದ ಆ ಗೋಡೆಗೆ ಮತ್ತೆ ಶೆಲ್ಫ್ ಹಚ್ಚಬೇಡಿ, ಹಚ್ಚಿದರೂ ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಹಚ್ಚಿ.

ಹಾಗಾದರೆ ನೀವೇನು ಮಾಡಬೇಕು? ದಾರಿಗಳು ಹೀಗಿವೆ. ಈಗಿನ ಪಾಲಿಸಿಯಲ್ಲೇ ವಿಮಾ ಮೊತ್ತ ಏರಿಸುವುದು ಅಗ್ಗ, ಸುಲಭ. ಬಿಡಿ ವಸ್ತುವಿನ ಮಿತಿ, ಸವಕಳಿ ಎರಡೂ ಹಾಗೇ ಉಳಿಯುತ್ತವೆ. ಬೆಲೆಬಾಳುವವನ್ನು ಮಾತ್ರ ಹೆಸರಿಸಿ, ಒಪ್ಪಿತ ಬೆಲೆಗೆ ಪಟ್ಟಿ ಸೇರಿಸುವುದು ಎರಡನೆಯದು. ಕೆಲಸ ಜಾಸ್ತಿ, ಹೊಸದು ಕೊಂಡಾಗ ಸೇರಿಸಲು ಮರೆಯುವ ಅಪಾಯ ಇದೆ. ಮೂರನೆಯದು ಇಡೀ ಸಂಗ್ರಹಕ್ಕೆ ಬೇರೆ ಪಾಲಿಸಿ. ಸಾಗಣೆ, ಪ್ರದರ್ಶನ, ಆಕಸ್ಮಿಕ ಹಾನಿ ಎಲ್ಲ ಸೇರುತ್ತದೆ. ಆದರೆ ಅಲಾರಂ, ಬೀಗ, ಮನೆ ಇಷ್ಟು ದಿನ ಖಾಲಿ ಬಿಡಬಾರದು ಅನ್ನುವ ಷರತ್ತುಗಳೂ ಸೇರುತ್ತವೆ. ಒಂದು ತಪ್ಪಿದರೂ ಕ್ಲೇಮು ಹೋಗಬಹುದು.

ನಿಮ್ಮ ಮಟ್ಟಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ, ಒಟ್ಟು ಮೊತ್ತವನ್ನೂ ಸರಿಯಾಗಿ ಏರಿಸಿಕೊಂಡು. 700ರಲ್ಲಿ ನಿಜವಾಗಿ ಬೆಲೆಬಾಳುವುದು ಕೆಲವೇ ಇರುತ್ತವೆ. ಅಜ್ಜನ ಆರು ಆಟಿಕೆಗಳನ್ನು ಸೇರಿಸುವುದೋ ಬಿಡುವುದೋ ನಿಮಗೆ ಬಿಟ್ಟಿದ್ದು. ಅವು ಹೋದರೆ ಬಂದ ಹಣದಲ್ಲಿ ಇನ್ನೊಂದು ಕೊಳ್ಳುತ್ತೀರಾ? ಇಲ್ಲ ಅಂದರೆ ಆ ಪ್ರೀಮಿಯಂ ಬದಲು ಗಟ್ಟಿ ಬೀಗದ ಕಪಾಟು ತರುವುದೇ ಸರಿ ಅನಿಸುತ್ತದೆ ನನಗೆ. ಮನೆ ಮಾಲೀಕರ ವಿಮೆ ಇದೆಯಲ್ಲ ಅಂತ ಮಾತ್ರ ಕೂರಬೇಡಿ. ಅದು ಗೋಡೆ, ಛಾವಣಿಗೆ. ಬಾಡಿಗೆಯವರ ಸಾಮಾನಿಗೆ ಅಲ್ಲ.

ಮಾರುವ ವಿಷಯ ನೀವು ಕೊನೆಯಲ್ಲಿ ಹಗುರವಾಗಿ ಹೇಳಿದ್ದೀರಿ. ಕಂಪನಿ ಅದನ್ನು ಹಗುರವಾಗಿ ತಗೊಳ್ಳುವುದಿಲ್ಲ. ಮನೆ ಪಾಲಿಸಿಯಲ್ಲಿ ವ್ಯಾಪಾರದ ಸರಕಿಗೆ ಸಾಮಾನ್ಯವಾಗಿ ಕವರ್ ಇರುವುದಿಲ್ಲ. ಎರಡೆರಡು ಇರುವುದರಲ್ಲಿ ಒಂದನ್ನು ಆಗಾಗ ಮಾರುವುದು ಹವ್ಯಾಸ. ಮಾರಲೆಂದೇ ಪೆಟ್ಟಿಗೆಗಟ್ಟಲೆ ತಂದಿಟ್ಟರೆ ವ್ಯಾಪಾರ. ನಡುವಿನ ಗೆರೆ ಸ್ಪಷ್ಟ ಇಲ್ಲ. ಅದಕ್ಕೇ ಮಾರಾಟಕ್ಕಿಟ್ಟದ್ದನ್ನು ಬೇರೆ ಪೆಟ್ಟಿಗೆಯಲ್ಲಿ ಇಡಿ, ಪಟ್ಟಿಯಿಂದಲೂ ತೆಗೆದುಬಿಡಿ. ಮಾರುವ ವಿಷಯವನ್ನು ಕಂಪನಿಗೆ ಮೊದಲೇ ಹೇಳಿ. ಹೇಳಿದರೆ ಪ್ರೀಮಿಯಂ ಏರಬಹುದೇನೋ ಅಂತ ಮುಚ್ಚಿಟ್ಟು, ಬೆಂಕಿ ಬಿದ್ದ ಮೇಲೆ ಅವರೇ ನಿಮ್ಮ ಹಳೆಯ ಮಾರಾಟದ ಪೋಸ್ಟ್ ಹುಡುಕಿ ತೆಗೆದರೆ ಉತ್ತರ ಕೊಡಲು ಕಷ್ಟ.

ಏಜೆಂಟ್ ಬಾಯಿಮಾತು ಏನೇ ಇರಲಿ, ಕಂಪನಿಗೆ ಒಂದು ಇಮೇಲ್ ಬರೆಯಿರಿ. ಇಷ್ಟನ್ನು ಕೇಳಿ: ನನ್ನ ಆಟಿಕೆ ಸಂಗ್ರಹ ಮನೆ ಸಾಮಾನಿನಲ್ಲಿ ಬರುತ್ತದೆಯೇ, ಹೊರಗಿಟ್ಟ ಪಟ್ಟಿಯಲ್ಲಿಯೇ? ಇಡೀ ಸಂಗ್ರಹ ಒಂದು ವಸ್ತುವೋ, ಪ್ರತಿ ಕಾರೂ ಒಂದೊಂದು ವಸ್ತುವೋ? ಬೆಲೆ ಕಟ್ಟುವಾಗ ಸವಕಳಿ ಕಳೆಯುತ್ತೀರೋ? ಮೂಲ ಪ್ಯಾಕಿಂಗ್‌ಗೆ ಆದ ಹಾನಿ ನಷ್ಟವೇ? ಕೆಳವಿಮೆಯ ಷರತ್ತು ಇದೆಯೇ? ಆಗಾಗ ಒಂದೆರಡು ಮಾರುವುದರಿಂದ ಕವರ್‌ಗೆ ತೊಂದರೆ ಇದೆಯೇ? ಈಗ ಆಗಿರುವ ನೀರಿನ ಹಾನಿಯನ್ನು ತಿಳಿಸುವ ಇಮೇಲ್ ಬೇರೆ ಇರಲಿ, ಎರಡನ್ನೂ ಬೆರೆಸಬೇಡಿ. ಅದು ಇವತ್ತೇ ಹೋಗಲಿ. ತಿಳಿಸಲು ತಡ ಮಾಡಿದಿರಿ ಅನ್ನುವುದೂ ಕ್ಲೇಮು ತಿರಸ್ಕರಿಸಲು ಕಾರಣವಾಗಬಹುದು, ಈಗಾಗಲೇ ಒಂದು ವಾರ ಕಳೆದಿದೆ.